ಅಪರಿಚಿತ ಗದ್ಯಭಾಗವನ್ನು ಓದುವ ಬಗೆ



ಇಂಗ್ಲಿಷ್ ಪರೀಕ್ಷೆಯೆಂದೊಡನೆ ನಮ್ಮ ಮಕ್ಕಳಲ್ಲಿ ಅನೇಕರ ಮುಖ ಬಾಡುತ್ತದೆ. ಪಾಠಗಳ ಪ್ರಶ್ನೋತ್ತರಗಳನ್ನು ಹೇಗೋ ಬಾಯಿಪಾಠ ಮಾಡಬಹುದು. ಪದ್ಯಗಳನ್ನು ಉರುಹಾಕಬಹುದು. ಪತ್ರ ಲೇಖನಕ್ಕೂ ಪ್ರಬಂಧಕ್ಕೂ ಮಾದರಿಗಳು ಸಿಕ್ಕುತ್ತವೆ. ಆದರೆ ಪ್ರಶ್ನಪತ್ರಿಕೆಯ ಒಂದು ಭಾಗವನ್ನು ಮಾತ್ರ ಯಾರೂ ಮೊದಲೇ ಬಾಯಿಪಾಠ ಮಾಡಿಕೊಂಡು ಹೋಗಲಾರರು. ಅದೇ ಅಪರಿಚಿತ ಗದ್ಯಭಾಗ. ಪಠ್ಯಪುಸ್ತಕದಲ್ಲಿ ಇಲ್ಲದ, ನಾವು ಎಂದೂ ಕಾಣದ ಹತ್ತು ಹದಿನೈದು ಸಾಲುಗಳನ್ನು ಕೊಟ್ಟು, ಅವುಗಳ ಮೇಲೆ ಪ್ರಶ್ನೆ ಕೇಳುತ್ತಾರೆ. ಈ ಭಾಗವನ್ನು ಎದುರಿಸುವುದು ಹೇಗೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಕನ್ನಡ ಕಲಿಸುವವರು ಇಂಗ್ಲಿಷ್ ಪರೀಕ್ಷೆಯ ಬಗ್ಗೆ ಬರೆಯುವುದೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣವಿದೆ. ಈ ಭಾಗದಲ್ಲಿ ಅಂಕ ಕಳೆದುಕೊಳ್ಳುವವರೆಲ್ಲ ಇಂಗ್ಲಿಷ್ ಪದಗಳು ಬಾರದೆ ಕಳೆದುಕೊಳ್ಳುವುದಿಲ್ಲ. ಓದಿದ್ದನ್ನು ಗ್ರಹಿಸುವ ಅಭ್ಯಾಸವಿಲ್ಲದೆ ಕಳೆದುಕೊಳ್ಳುವವರೂ ಬಹಳ. ಆ ಅಭ್ಯಾಸವನ್ನು ಮೊದಲು ತಾಯ್ನುಡಿಯಲ್ಲೇ ಮಾಡಬೇಕು. ಕನ್ನಡದಲ್ಲಿ ಚೆನ್ನಾಗಿ ಓದಬಲ್ಲವನು ಇಂಗ್ಲಿಷಿನಲ್ಲಿಯೂ ಓದುವ ದಾರಿಯನ್ನು ಅರ್ಧ ಕ್ರಮಿಸಿದಂತೆಯೇ ಸರಿ.

ಈ ಭಾಗದ ಮಹತ್ವ

ತಮಿಳುನಾಡಿನ ಹತ್ತನೆಯ ತರಗತಿಯ ಸಾರ್ವಜನಿಕ ಪರೀಕ್ಷೆಯಲ್ಲಿ ಹಿಂದೆ ಇಂಗ್ಲಿಷಿಗೆ ಎರಡು ಪತ್ರಿಕೆಗಳಿದ್ದವು. 2019-20ನೆಯ ಸಾಲಿನಿಂದ ಅವೆರಡನ್ನೂ ಸೇರಿಸಿ 100 ಅಂಕಗಳ ಒಂದೇ ಪತ್ರಿಕೆ ಮಾಡಿದರು. ತೇರ್ಗಡೆಗೆ 35 ಅಂಕ ಬೇಕು. ಅಷ್ಟನ್ನು ಬಾಯಿಪಾಠದಿಂದಲೇ ಗಳಿಸಿದವರೂ ಉಂಟು. ಹಾಗಿದ್ದರೆ ಈ ಗದ್ಯಭಾಗಕ್ಕಾಗಿ ಇಷ್ಟು ಶ್ರಮವೇಕೆ?

ಹತ್ತನೆಯ ತರಗತಿಯಾದ ಮೇಲೆ ಏನಾಗುವುದೆಂದು ಯೋಚಿಸಿರಿ. ನಮ್ಮ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಅನೇಕರು ಹನ್ನೊಂದನೆಯ ತರಗತಿಯಲ್ಲೋ, ಐ.ಟಿ.ಐ., ಪಾಲಿಟೆಕ್ನಿಕ್‌ಗಳಲ್ಲೋ ಇಂಗ್ಲಿಷ್ ಪುಸ್ತಕಗಳನ್ನು ಹಿಡಿಯಬೇಕಾಗುತ್ತದೆ. ಆ ದಿನ ಜೀವಶಾಸ್ತ್ರವೂ, ವಾಣಿಜ್ಯಶಾಸ್ತ್ರವೂ, ಯಂತ್ರದ ಪಾಠವೂ ಅಪರಿಚಿತ ಗದ್ಯಭಾಗವೇ ಆಗುತ್ತದೆ. ಬಾಯಿಪಾಠ ಮಾಡಿ ಬಂದವನು ಅಲ್ಲಿ ಮೊದಲ ತಿಂಗಳಲ್ಲೇ ಕೈಚೆಲ್ಲುತ್ತಾನೆ. ಓದಲು ಕಲಿತು ಬಂದವನು ಮೊದಮೊದಲು ತಡವರಿಸಿದರೂ ನಿಲ್ಲುತ್ತಾನೆ. ಆದುದರಿಂದ ಈ ಅಭ್ಯಾಸ ಕೇವಲ ಕೆಲವು ಅಂಕಗಳ ಮಾತಲ್ಲ.

ಮೊದಲು ಕನ್ನಡದಲ್ಲಿ ಅಭ್ಯಾಸ

ಈಗ ಕೆಳಗಿನ ಭಾಗವನ್ನು ಓದಿರಿ. ಪರೀಕ್ಷೆಯಲ್ಲಿ ಇಂತಹುದೇ ಇಂಗ್ಲಿಷಿನಲ್ಲಿರುತ್ತದೆ. ಇಲ್ಲಿ ಬೇಕೆಂದೇ ಕನ್ನಡದಲ್ಲಿ ಕೊಟ್ಟಿದ್ದೇನೆ.

"ನೀಲಗಿರಿಯ ಬೆಟ್ಟದ ರೈಲು ಮೆಟ್ಟುಪಾಳ್ಯಂನಿಂದ ಉದಕಮಂಡಲಕ್ಕೆ ಸುಮಾರು 46 ಕಿಲೋಮೀಟರ್ ದೂರ ಸಾಗುತ್ತದೆ. ಹೊರಡುವಾಗ ಸಮುದ್ರ ಮಟ್ಟದಿಂದ 326 ಮೀಟರ್ ಎತ್ತರದಲ್ಲಿರುವ ಮಾರ್ಗವು ಕೊನೆಗೆ 2,203 ಮೀಟರ್ ಎತ್ತರಕ್ಕೆ ಏರುತ್ತದೆ. ಇಂತಹ ಮಾರ್ಗವೊಂದನ್ನು ಹಾಕಬೇಕೆಂಬ ಸಲಹೆ 1854ರಲ್ಲೇ ಬಂದಿತ್ತು. ಆದರೆ ಬೆಟ್ಟದ ನೆಲ ದುರ್ಗಮವಾಗಿದ್ದುದರಿಂದ ಕೆಲಸ ಆರಂಭವಾದದ್ದು 1891ರಲ್ಲಿ. 1899ರಲ್ಲಿ ರೈಲು ಕೂನೂರಿನವರೆಗೆ ಬಂದಿತು. 1908ರಲ್ಲಿ ಉದಕಮಂಡಲವನ್ನು ಮುಟ್ಟಿತು. ಕಲ್ಲಾರಿನಿಂದ ಕೂನೂರಿನವರೆಗಿನ ಏರು ಬಹಳ ಕಡಿದು. ಅಲ್ಲಿ ಎರಡು ಕಂಬಿಗಳ ನಡುವೆ ಹಲ್ಲುಳ್ಳ ಇನ್ನೊಂದು ಪಟ್ಟಿಯನ್ನು ಹಾಸಿದ್ದಾರೆ. ಎಂಜಿನ್ನಿನ ಹಲ್ಲುಚಕ್ರವು ಅದನ್ನು ಕಚ್ಚಿಕೊಂಡು ಮೇಲೇರುತ್ತದೆ. 2005ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಮಾರ್ಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು."

ಪ್ರಶ್ನೆಗಳು:

1. ಮಾರ್ಗವನ್ನು ಹಾಕಬೇಕೆಂಬ ಸಲಹೆ ಯಾವಾಗ ಬಂದಿತು?
2. ಸಲಹೆ ಬಂದು ಎಷ್ಟು ವರ್ಷಗಳ ಮೇಲೆ ಕೆಲಸ ಆರಂಭವಾಯಿತು?
3. ಕೆಲಸ ತಡವಾದುದೇಕೆ?
4. 'ಅದನ್ನು ಕಚ್ಚಿಕೊಂಡು' ಎಂಬಲ್ಲಿ 'ಅದನ್ನು' ಎಂದರೆ ಯಾವುದನ್ನು?
5. 'ದುರ್ಗಮ' ಎಂಬ ಪದದ ಅರ್ಥವೇನು?
6. 1900ರಲ್ಲಿ ಒಬ್ಬ ಪ್ರಯಾಣಿಕನು ಮೆಟ್ಟುಪಾಳ್ಯಂನಿಂದ ಉದಕಮಂಡಲದವರೆಗೂ ರೈಲಿನಲ್ಲೇ ಹೋಗಬಹುದಾಗಿತ್ತು. ಸರಿಯೋ, ತಪ್ಪೋ?
7. ಈ ಭಾಗಕ್ಕೆ ತಕ್ಕ ಶೀರ್ಷಿಕೆ ಕೊಡಿರಿ.

ಉತ್ತರಗಳನ್ನು ನೋಡುವ ಮೊದಲು ನೀವೇ ಬರೆದುಕೊಳ್ಳಿರಿ. ಅನಂತರ ಮುಂದೆ ಓದಿರಿ.

ಮೊದಲನೆಯ ಪ್ರಶ್ನೆಯ ಉತ್ತರ ಗದ್ಯದಲ್ಲಿ ಹಾಗೆಯೇ ಇದೆ: 1854. ಇಂತಹ ಪ್ರಶ್ನೆಗೆ ಕಣ್ಣು ಸಾಕು. ಎರಡನೆಯ ಪ್ರಶ್ನೆಯ ಉತ್ತರ ಗದ್ಯದಲ್ಲಿ ಎಲ್ಲಿಯೂ ಬರೆದಿಲ್ಲ. ಎರಡು ಇಸವಿಗಳನ್ನು ಹುಡುಕಿ ಕಳೆಯಬೇಕು: 37 ವರ್ಷ. 'ಗದ್ಯದಲ್ಲಿ ಇಲ್ಲ' ಎಂದು ಬಿಟ್ಟುಬಿಡುವವರು ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಮೂರನೆಯದು ಕಾರಣ ಕೇಳುವ ಪ್ರಶ್ನೆ. 'ಆಗಿದ್ದುದರಿಂದ' ಎಂಬ ಮಾತನ್ನು ಹಿಡಿದು ಅದರ ಹಿಂದಕ್ಕೆ ಹೋದರೆ ಕಾರಣ ಸಿಕ್ಕುತ್ತದೆ. ನಾಲ್ಕನೆಯದಕ್ಕೆ ಹಿಂದಿನ ವಾಕ್ಯವನ್ನು ನೋಡಬೇಕು. 'ಅದು' ಎಂದರೆ ಹಲ್ಲುಳ್ಳ ಪಟ್ಟಿ. 'ಕಂಬಿ' ಎಂದು ಬರೆದರೆ ತಪ್ಪು.

ಐದನೆಯದನ್ನು ಗಮನಿಸಿರಿ. 'ದುರ್ಗಮ' ಎಂಬ ಪದ ನಿಮ್ಮಲ್ಲಿ ಕೆಲವರಿಗೆ ಹೊಸದಾಗಿರಬಹುದು. ಆದರೆ ಅಕ್ಕಪಕ್ಕದ ಮಾತುಗಳನ್ನು ನೋಡಿರಿ. ನೆಲ ಬೆಟ್ಟದ್ದು, ಕೆಲಸ ತಡವಾಗಿದೆ. ಹಾಗಾದರೆ ಸುಲಭವಾಗಿ ಹೋಗಲಾಗದ, ಕಷ್ಟದ ಜಾಗವೆಂದೇ ಅರ್ಥವಾಗಿರಬೇಕು. ನಿಘಂಟಿಲ್ಲದೆಯೇ ಅರ್ಥ ದೊರೆಯಿತು. ಪರೀಕ್ಷೆಯ ಕೊಠಡಿಯಲ್ಲಿ ನಿಮ್ಮ ನಿಘಂಟು ಇದೊಂದೇ.

ಆರನೆಯದು ತಪ್ಪು. 1899ರಲ್ಲಿ ರೈಲು ಕೂನೂರಿಗೆ ಮಾತ್ರ ಬಂದಿತ್ತು. ಅಲ್ಲಿಂದ ಮುಂದೆ ರೈಲು ಬರಲು 1908ರವರೆಗೆ ಕಾಯಬೇಕಾಯಿತು. ಏಳನೆಯದಕ್ಕೆ 'ನೀಲಗಿರಿಯ ಸೌಂದರ್ಯ' ಎಂದು ಬರೆಯುವವರಿದ್ದಾರೆ. ಗದ್ಯದಲ್ಲಿ ಸೌಂದರ್ಯದ ಮಾತೇ ಇಲ್ಲ. 'ಯುನೆಸ್ಕೋ' ಎಂದರೆ ಕೊನೆಯ ಒಂದು ವಾಕ್ಯಕ್ಕಷ್ಟೇ ಸಲ್ಲುತ್ತದೆ. 'ನೀಲಗಿರಿಯ ಬೆಟ್ಟದ ರೈಲು' ಎಂಬುದೇ ಎಲ್ಲ ವಾಕ್ಯಗಳನ್ನೂ ಒಳಗೊಳ್ಳುವ ಶೀರ್ಷಿಕೆ.

ಇನ್ನೊಂದು ಎಚ್ಚರಿಕೆ. ಈ ರೈಲನ್ನು ನೀವೆಲ್ಲ ನೋಡಿದ್ದೀರಿ. ಕೆಲವರು ಅದರಲ್ಲಿ ಕುಳಿತಿದ್ದೀರಿ. ಆದುದರಿಂದ ಹೊಗೆ, ಸುರಂಗ, ಚಹಾ ತೋಟ ಎಲ್ಲವನ್ನೂ ಉತ್ತರದಲ್ಲಿ ಬರೆಯಬೇಕೆಂಬ ಆಸೆ ಹುಟ್ಟುತ್ತದೆ. ಪರೀಕ್ಷಕರು ಕೇಳುವುದು ನಿಮಗೆ ಗೊತ್ತಿರುವುದನ್ನಲ್ಲ, ಗದ್ಯ ಹೇಳುವುದನ್ನು. ಗೊತ್ತಿರುವ ವಿಷಯ ಬಂದಾಗಲೇ ಹೆಚ್ಚು ಎಚ್ಚರ ಬೇಕು.

ಈ ಏಳು ಪ್ರಶ್ನೆಗಳನ್ನು ಬಿಡಿಸಲು ನಿಮಗೆ ಇಂಗ್ಲಿಷಿನ ಒಂದಕ್ಷರವೂ ಬೇಕಾಗಲಿಲ್ಲ. ಆದರೂ ಗದ್ಯಭಾಗದ ಮೇಲೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳ ಬಗೆಗಳೆಲ್ಲ ಇಲ್ಲಿ ಬಂದವು. ಇನ್ನು ಉಳಿದದ್ದು ಇಂಗ್ಲಿಷ್ ವಾಕ್ಯದ ನಡೆಯನ್ನು ತಿಳಿಯುವುದು.

ಇಂಗ್ಲಿಷ್ ವಾಕ್ಯದಲ್ಲಿ ಕನ್ನಡಿಗರು ಎಡವುವ ಐದು ಸ್ಥಳಗಳು

ಒಂದು: ಕ್ರಿಯಾಪದದ ಸ್ಥಾನ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಅದು ಬರುವವರೆಗೆ ನಮ್ಮ ಮನಸ್ಸು ಕಾಯುತ್ತದೆ. ಇಂಗ್ಲಿಷಿನಲ್ಲಿ ಅದು ಕರ್ತೃಪದದ ಬೆನ್ನಿಗೇ ಬರುತ್ತದೆ. ಎಲ್ಲಿ, ಯಾವಾಗ, ಹೇಗೆ ಎಂಬುದೆಲ್ಲ ಆಮೇಲೆ ಬಾಲದಂತೆ ಸೇರುತ್ತದೆ. ಆದುದರಿಂದ ಉದ್ದದ ವಾಕ್ಯ ಕಂಡರೆ ಹೆದರದೆ, ಮೊದಲು ಎರಡನ್ನು ಹುಡುಕಿರಿ: ಯಾರು? ಏನು ಮಾಡಿದರು? ಈ ಎರಡು ಸಿಕ್ಕರೆ ವಾಕ್ಯದ ಬೆನ್ನುಮೂಳೆ ಸಿಕ್ಕಿದಂತೆ.

ಎರಡು: ನಡುವೆ ಬರುವ 'ಹೂ', 'ವಿಚ್', 'ವೇರ್'. ಇವು ಪ್ರಶ್ನೆಯ ಪದಗಳೆಂದು ಮೊದಲು ಕಲಿತಿದ್ದೇವೆ: ಯಾರು, ಯಾವುದು, ಎಲ್ಲಿ. ವಾಕ್ಯದ ನಡುವೆ ಇವು ಬಂದಾಗ ಪ್ರಶ್ನೆಯಲ್ಲ. 'ದ ಮ್ಯಾನ್ ಹೂ ಡ್ರೈವ್ಸ್ ದ ಬಸ್' ಎಂದರೆ 'ಬಸ್ಸು ಓಡಿಸುವ ಮನುಷ್ಯ' ಎಂದಷ್ಟೇ. ಕನ್ನಡದಲ್ಲಿ ವಿಶೇಷಣ ನಾಮಪದಕ್ಕೆ ಮೊದಲು ಬರುತ್ತದೆ. ಇಲ್ಲಿ ನಾಮಪದವಾದ ಮೇಲೆ ಬರುತ್ತದೆ. ಇದೇ ರೀತಿ, 'ದ ಲೈನ್, ವಿಚ್ ರೀಚ್ಡ್ ಕೂನೂರ್ ಇನ್ 1899, ವಾಸ್ ಕಂಪ್ಲೀಟೆಡ್ ಇನ್ 1908' ಎಂಬ ವಾಕ್ಯವನ್ನು ನೋಡಿರಿ. ನಡುವಿನ ತುಂಡನ್ನು ಬೆರಳಿನಿಂದ ಮುಚ್ಚಿ ಓದಿರಿ. 'ಮಾರ್ಗವು 1908ರಲ್ಲಿ ಪೂರ್ತಿಯಾಯಿತು' ಎಂಬುದು ಉಳಿಯುತ್ತದೆ. ಅನಂತರ ಬೆರಳು ತೆಗೆದು ಮುಚ್ಚಿದ್ದನ್ನು ಸೇರಿಸಿಕೊಳ್ಳಿರಿ: '1899ರಲ್ಲಿ ಕೂನೂರನ್ನು ತಲುಪಿದ ಮಾರ್ಗವು 1908ರಲ್ಲಿ ಪೂರ್ತಿಯಾಯಿತು.'

ಮೂರು: ಕಾರಣದ ದಿಕ್ಕು. ಕನ್ನಡದಲ್ಲಿ 'ಆದುದರಿಂದ' ಎಂದರೆ ಕಾರಣ ಅದರ ಹಿಂದೆ ಇದೆ. ಇಂಗ್ಲಿಷಿನಲ್ಲಿ 'ಬಿಕಾಸ್' ಎಂದರೆ ಕಾರಣ ಅದರ ಮುಂದೆ ಇದೆ. 'ದ ಸ್ಕೂಲ್ ವಾಸ್ ಕ್ಲೋಸ್ಡ್ ಬಿಕಾಸ್ ದ ರೋಡ್ ವಾಸ್ ಬ್ಲಾಕ್ಡ್.' ಮಳೆಗಾಲದಲ್ಲಿ ಮಣ್ಣು ಕುಸಿದಾಗ ನಮ್ಮಲ್ಲಿ ನಡೆಯುವುದೇ ಇದು: ರಸ್ತೆ ಮುಚ್ಚಿಹೋದುದರಿಂದ ಶಾಲೆಗೆ ರಜೆ. ಕನ್ನಡದ ಅಭ್ಯಾಸದಂತೆ 'ಬಿಕಾಸ್' ಪದದ ಹಿಂದಿನದನ್ನು ಕಾರಣವೆಂದು ಬರೆದರೆ, ಶಾಲೆ ಮುಚ್ಚಿದ್ದರಿಂದ ರಸ್ತೆ ಮುಚ್ಚಿತೆಂದು ಆಗುತ್ತದೆ! 'ಸೋ' ಎಂಬುದು ಮಾತ್ರ ನಮ್ಮ 'ಆದುದರಿಂದ'ದ ದಾರಿಯಲ್ಲೇ ನಡೆಯುತ್ತದೆ.

ನಾಲ್ಕು: ಅಡಗಿರುವ 'ಇಲ್ಲ'. 'ನಾಟ್' ಎಂಬ ಪದ ಕಂಡರೆ ನಿಷೇಧವೆಂದು ಎಲ್ಲರಿಗೂ ಗೊತ್ತು. ಆದರೆ ಕೆಲವು ಪದಗಳ ಹೊಟ್ಟೆಯಲ್ಲಿ ನಿಷೇಧ ಅಡಗಿರುತ್ತದೆ. 'ಅನ್‌ಲೆಸ್ ದ ರೇನ್ ಸ್ಟಾಪ್ಸ್' ಎಂದರೆ 'ಮಳೆ ನಿಲ್ಲದಿದ್ದರೆ'. 'ಟೂ ಟೈಯರ್ಡ್ ಟು ವಾಕ್' ಎಂದರೆ 'ನಡೆಯಲಾರದಷ್ಟು ದಣಿವು'. 'ಎ ಫ್ಯೂ ಪೀಪಲ್ ಕೇಮ್' ಎಂದರೆ ಕೆಲವರು ಬಂದರು. ಮುಂದಿನ 'ಎ' ಇಲ್ಲದೆ ಬರಿಯ 'ಫ್ಯೂ ಪೀಪಲ್ ಕೇಮ್' ಎಂದರೆ ಬಂದವರು ಇಲ್ಲವೆನ್ನುವಷ್ಟು ಕಡಿಮೆ. ಒಂದು ಸಣ್ಣ ಅಕ್ಷರದಿಂದ ಅರ್ಥವೇ ತಿರುಗಿತು. ಸರಿ-ತಪ್ಪು ಹೇಳುವ ಪ್ರಶ್ನೆಗಳಲ್ಲಿ ಇಂತಹ ಪದಗಳು ಕಂಡರೆ ಕೂಡಲೇ ಅಡಿಗೆರೆ ಹಾಕಿರಿ.

ಐದು: ಸರ್ವನಾಮಗಳು. ಕನ್ನಡದಲ್ಲಿ ಮನುಷ್ಯರಿಗೆ 'ಅವರು', ಪ್ರಾಣಿಗಳಿಗೂ ವಸ್ತುಗಳಿಗೂ 'ಅವು' ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಎಲ್ಲಕ್ಕೂ 'ದೇ' ಒಂದೇ. ತೆಪ್ಪಕಾಡಿನ ಆನೆ ಶಿಬಿರದ ಬಗ್ಗೆ ಒಂದು ಗದ್ಯವಿದೆಯೆನ್ನಿ. ಮಾವುತರು ಆನೆಗಳನ್ನು ಹೊಳೆಗೆ ಕರೆತಂದರು ಎಂಬ ವಾಕ್ಯದ ಮುಂದೆ 'ದೇ ಲಿಫ್ಟೆಡ್ ದೇರ್ ಟ್ರಂಕ್ಸ್' ಎಂದಿದ್ದರೆ, ಸೊಂಡಿಲೆತ್ತಿದ್ದು ಯಾರೆಂದು ನೀವೇ ಅರಿಯಬೇಕು. 'ದೇ', 'ಇಟ್', 'ದಿಸ್' ಬಂದಲ್ಲೆಲ್ಲ ಒಂದು ಕ್ಷಣ ನಿಂತು, ಇದು ಯಾವುದಕ್ಕೆ ಸಲ್ಲುತ್ತದೆಂದು ಬಾಣದ ಗುರುತು ಹಾಕುವ ಅಭ್ಯಾಸ ಒಳ್ಳೆಯದು.

ಪದಸಂಪತ್ತು

ನಮ್ಮ ಮಕ್ಕಳಿಗೆ ಇಂಗ್ಲಿಷ್ ಪದಗಳೇ ಗೊತ್ತಿಲ್ಲವೆಂಬ ಮಾತು ಪೂರ್ತಿ ನಿಜವಲ್ಲ. ಬಸ್ಸು, ಟಿಕೆಟ್ಟು, ರೇಷನ್ನು, ಎಸ್ಟೇಟು, ಫ್ಯಾಕ್ಟರಿ, ಫಾರೆಸ್ಟ್ ಗಾರ್ಡು, ಚೆಕ್‌ಪೋಸ್ಟು, ಆಸ್ಪತ್ರೆಯ ವಾರ್ಡು, ಡ್ಯೂಟಿ, ಬೋನಸ್ಸು: ಇವುಗಳನ್ನು ಶಾಲೆಯ ಮುಖ ನೋಡದ ಅಜ್ಜಿಯೂ ಆಡುತ್ತಾಳೆ. ಕಿವಿಗೆ ಗೊತ್ತಿರುವ ಈ ಪದಗಳು ಕಣ್ಣಿಗೆ ಗೊತ್ತಿಲ್ಲ. ಅಷ್ಟೇ ಕೊರತೆ.

ಇದಕ್ಕೆ ಉಪಾಯ ಸುಲಭ. ಒಂದು ಚಿಕ್ಕ ನೋಟ್‌ಪುಸ್ತಕ ಇಟ್ಟುಕೊಳ್ಳಿರಿ. ಮಸಿನಗುಡಿಯಿಂದಲೋ ಗೂಡಲೂರಿನಿಂದಲೋ ಬರುವಾಗ ದಾರಿಯಲ್ಲಿ ಕಾಣುವ ಅರಣ್ಯ ಇಲಾಖೆಯ ಫಲಕಗಳು, ಔಷಧಿಯ ಪೊಟ್ಟಣ, ಗೊಬ್ಬರದ ಚೀಲ, ಬ್ಯಾಂಕಿನ ಚಲನ್ ಇವುಗಳಲ್ಲಿರುವ ಪದಗಳನ್ನು ದಿನಕ್ಕೆ ಐದರಂತೆ ಅಕ್ಷರ ತಪ್ಪದೆ ಬರೆದುಕೊಳ್ಳಿರಿ. ಪದವನ್ನು ಒಂಟಿಯಾಗಿ ಬರೆಯದೆ, ಅದು ಕಂಡ ವಾಕ್ಯದೊಡನೆ ಬರೆಯಿರಿ. ಹನಿಹನಿಗೂಡಿದರೆ ಹಳ್ಳ, ತೆನೆತೆನೆಗೂಡಿದರೆ ಬಳ್ಳ. ಜೂನ್ ತಿಂಗಳಲ್ಲಿ ಆರಂಭಿಸಿ ದಿನಕ್ಕೆ ಐದು ಪದವೆಂದರೆ, ಇನ್ನೂರು ದಿನಗಳಲ್ಲಿ ಒಂದು ಸಾವಿರ ಪದ ಕಣ್ಣಿಗೆ ಪರಿಚಯವಾಗುತ್ತದೆ.

ದಿನಚರಿ

ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಿದರೆ ಫಲವಿಲ್ಲ. ಓದುವ ಅಭ್ಯಾಸವನ್ನು ಪರೀಕ್ಷೆಯ ಹಿಂದಿನ ವಾರ ಮಾಡಲಾಗದು. ದಿನಕ್ಕೆ ಅರ್ಧ ಗಂಟೆಯ ಈ ಕ್ರಮ ಸಾಕು:

1. ಹತ್ತು ಸಾಲು ಇಂಗ್ಲಿಷ್ ಗದ್ಯವನ್ನು ಗಟ್ಟಿಯಾಗಿ ಒಮ್ಮೆ ಓದಿರಿ. ಹಳೆಯ ಪಠ್ಯಪುಸ್ತಕವಾದರೂ ಆದೀತು, ದಿನಪತ್ರಿಕೆಯ ಸಣ್ಣ ಸುದ್ದಿಯಾದರೂ ಆದೀತು.
2. ಎರಡನೆಯ ಸಲ ಮೌನವಾಗಿ ಓದಿ, ಪ್ರತಿ ವಾಕ್ಯದಲ್ಲೂ 'ಯಾರು, ಏನು ಮಾಡಿದರು' ಎಂಬುದಕ್ಕೆ ಅಡಿಗೆರೆ ಹಾಕಿರಿ.
3. ಪುಸ್ತಕ ಮುಚ್ಚಿ, ಓದಿದ್ದನ್ನು ಕನ್ನಡದಲ್ಲಿ ಮೂರು ವಾಕ್ಯಗಳಲ್ಲಿ ಬರೆಯಿರಿ.
4. ನೀವೇ ಪರೀಕ್ಷಕರಾಗಿ ಮೂರು ಪ್ರಶ್ನೆಗಳನ್ನು ಮಾಡಿರಿ. ಅವುಗಳಲ್ಲಿ ಒಂದಾದರೂ 'ಏಕೆ' ಎಂಬ ಪ್ರಶ್ನೆಯಾಗಿರಲಿ.

ಕೊನೆಯದು ಅತ್ಯಂತ ಉಪಯುಕ್ತ. ಪ್ರಶ್ನೆ ಮಾಡಲು ಕಲಿತವನಿಗೆ ಪ್ರಶ್ನೆಯ ಭಯವಿರುವುದಿಲ್ಲ.

ಪರೀಕ್ಷೆಯ ದಿನ

ಉತ್ತರ ಬರೆಯುವ ಮೂರು ಗಂಟೆಗೆ ಮೊದಲು, ಪ್ರಶ್ನಪತ್ರಿಕೆಯನ್ನು ಓದಲೆಂದೇ ಹತ್ತು ನಿಮಿಷ ಕೊಡುತ್ತಾರೆ. ಆ ಹೊತ್ತನ್ನು ಪಕ್ಕದವರ ಮುಖ ನೋಡುತ್ತಾ ಕಳೆಯಬೇಡಿರಿ. ಗದ್ಯಭಾಗವನ್ನು ಆಗಲೇ ಒಮ್ಮೆ ಓದಿಬಿಡಿರಿ. ಬರೆಯುವಾಗ ಮೊದಲು ಪ್ರಶ್ನೆಗಳನ್ನು ಓದಿ, ಅನಂತರ ಗದ್ಯವನ್ನು ಎರಡನೆಯ ಸಲ ಓದಿರಿ. ಈಗ ಏನನ್ನು ಹುಡುಕಬೇಕೆಂದು ನಿಮಗೆ ತಿಳಿದಿರುತ್ತದೆ.

ಪ್ರಶ್ನೆಯ ಮೊದಲ ಪದವೇ ಉತ್ತರದ ಆಕಾರವನ್ನು ಹೇಳುತ್ತದೆ. 'ವೆನ್' ಎಂದರೆ ಕಾಲ, 'ವೇರ್' ಎಂದರೆ ಸ್ಥಳ, 'ಹೌ ಮೆನಿ' ಎಂದರೆ ಸಂಖ್ಯೆ, 'ವೈ' ಎಂದರೆ ಕಾರಣ. ಕಾಲ ಕೇಳಿದರೆ ಸ್ಥಳ ಬರೆಯಬಾರದು. ಗದ್ಯದ ನಾಲ್ಕು ಸಾಲುಗಳನ್ನು ಇದ್ದಂತೆಯೇ ನಕಲು ಮಾಡಬೇಡಿರಿ. ಬೇಕಾದ ತುಂಡನ್ನು ಮಾತ್ರ ತೆಗೆದು ಒಂದು ಪೂರ್ಣ ವಾಕ್ಯ ಮಾಡಿರಿ. ಗೊತ್ತಿಲ್ಲದ ಪದವೊಂದು ಬಂದರೆ ಅಲ್ಲೇ ನಿಂತು ಹೊತ್ತು ಕಳೆಯದೆ ಮುಂದಿನ ವಾಕ್ಯಕ್ಕೆ ಹೋಗಿರಿ. ಅರ್ಥ ಕೆಲವೊಮ್ಮೆ ಅಲ್ಲಿ ಕಾದಿರುತ್ತದೆ. ಯಾವ ಪ್ರಶ್ನೆಯನ್ನೂ ಬರೆಯದೆ ಬಿಡಬೇಡಿರಿ.

ತಂದೆತಾಯಿಯರಿಗೆ ಎರಡು ಮಾತು

"ನಮಗೆ ಇಂಗ್ಲಿಷ್ ಬಾರದು, ನಾವೇನು ಸಹಾಯ ಮಾಡಬಲ್ಲೆವು?" ಎಂದು ತಾವು ಕೇಳುವುದುಂಟು. ತಾವು ಮಾಡಬಹುದಾದ ಸಹಾಯ ಬಹಳ ದೊಡ್ಡದು. ಸಂಜೆ ಕೆಲಸ ಮುಗಿಸಿ ಬಂದ ಮೇಲೆ, ಒಲೆಯ ಮುಂದೆ ಕುಳಿತಾಗ, "ಇವತ್ತು ಇಂಗ್ಲಿಷಿನಲ್ಲಿ ಏನು ಓದಿದೆ? ನಮಗೂ ಹೇಳು" ಎಂದು ಕೇಳಿರಿ. ಮಗು ಅದನ್ನು ಮನೆಯ ಮಾತಿನಲ್ಲಿ ಹೇಳಲಿ. ಅದು ಕನ್ನಡವಿರಲಿ, ಬಡಗವಿರಲಿ, ತಮಿಳಿರಲಿ, ಕುರುಂಬರ ಅಥವಾ ಇರುಳರ ಮಾತೇ ಇರಲಿ. ಹೇಳುವ ಸಂಗತಿಗೆ ತಲೆ ಬಾಲ ಇದೆಯೇ ಎಂದು ಮಾತ್ರ ನೋಡಿರಿ. ನಡುವೆ "ಯಾಕೆ ಹಾಗಾಯಿತು?" ಎಂದು ಕೇಳಿರಿ. ಮಗುವಿಗೆ ಹೇಳಲಾಗದಿದ್ದರೆ ಅದಿನ್ನೂ ಓದಿಲ್ಲವೆಂದೇ ಅರ್ಥ. ಅಕ್ಷರಗಳ ಮೇಲೆ ಕಣ್ಣು ಹಾಯಿಸಿದೆ, ಅಷ್ಟೇ. ಗದರಿಸದೆ, ಇನ್ನೊಮ್ಮೆ ಓದಿಬರಲು ಹೇಳಿರಿ. ಇದಕ್ಕೆ ತಮಗೆ ಇಂಗ್ಲಿಷ್ ಬೇಡ. ಆ ಅರ್ಧ ಗಂಟೆ ಟಿ.ವಿ.ಯೂ ಮೊಬೈಲೂ ಸುಮ್ಮನಿದ್ದರೆ ಸಾಕು.

ಇನ್ನೊಂದು ಮಾತು. ಮಗು ಕಡಿಮೆ ಅಂಕ ತಂದಾಗ "ಕನ್ನಡ ಶಾಲೆಗೆ ಹಾಕಿದ್ದೇ ತಪ್ಪಾಯಿತು" ಎಂದು ಅದರ ಎದುರಿಗೇ ಹೇಳಬೇಡಿರಿ. ಆ ಮಾತು ಕೇಳಿದ ಮಗು ಇಂಗ್ಲಿಷನ್ನು ಕಲಿಯುವುದಿಲ್ಲ, ಕನ್ನಡವನ್ನೂ ಕೀಳೆಂದು ತಿಳಿಯುತ್ತದೆ. ಎರಡು ಭಾಷೆಗಳು ಒಂದಕ್ಕೊಂದು ಶತ್ರುಗಳಲ್ಲ. ಬಿ.ಎಂ. ಶ್ರೀಕಂಠಯ್ಯನವರು ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ಕನ್ನಡದ ಹೊಸ ಕಾವ್ಯಕ್ಕೆ ದಾರಿ ತೆರೆದರು. ಗೋಪಾಲಕೃಷ್ಣ ಅಡಿಗರೂ, ಯು.ಆರ್. ಅನಂತಮೂರ್ತಿಯವರೂ ತರಗತಿಯಲ್ಲಿ ಇಂಗ್ಲಿಷ್ ಕಲಿಸಿ, ಕನ್ನಡದಲ್ಲಿ ಬರೆದು ಹೆಸರಾದವರು. ನಮ್ಮ ಬೆಟ್ಟದ ಮಕ್ಕಳಿಗಂತೂ ಒಂದಕ್ಕಿಂತ ಹೆಚ್ಚು ಭಾಷೆ ಹೊಸದಲ್ಲ. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಸಂತೆಯಲ್ಲಿ ತಮಿಳು, ಗೂಡಲೂರಿನ ಕಡೆಗೆ ಹೋದರೆ ಮಲಯಾಳ. ಇಷ್ಟನ್ನು ಆಟವಾಡುತ್ತಲೇ ಕಲಿತವರಿಗೆ ಇಂಗ್ಲಿಷೂ ಬಂದೀತು. ಅದಕ್ಕೆ ದಿನದ ಅರ್ಧ ಗಂಟೆಯನ್ನು ತಪ್ಪದೆ ಕೊಡಬೇಕು.

ವಿದ್ಯಾರ್ಥಿಗಳೇ, ದೇಶ ಸುತ್ತಿ ನೋಡು, ಕೋಶ ಓದಿ ನೋಡು ಎಂದು ಹಿರಿಯರು ಹೇಳಿದ್ದಾರೆ. ನಾಳೆ ನಿಮ್ಮ ಕೈಗೆ ಬರುವ ಅರ್ಜಿ, ಆಸ್ಪತ್ರೆಯ ಚೀಟಿ, ಕೆಲಸದ ಆದೇಶ, ಜಮೀನಿನ ಕಾಗದ ಯಾವುದೂ ಪಠ್ಯಪುಸ್ತಕದಲ್ಲಿ ಮೊದಲೇ ಬಂದಿರುವುದಿಲ್ಲ. ಅವುಗಳನ್ನು ಇನ್ನೊಬ್ಬರ ಕೈಗೆ ಕೊಟ್ಟು "ಏನು ಬರೆದಿದೆ ಸ್ವಾಮೀ?" ಎಂದು ಕೇಳದೆ, ನೀವೇ ಓದಿ ತಿಳಿದು ಸಹಿ ಮಾಡುವಂತಾಗಬೇಕು. ಇಂದೇ ಹತ್ತು ಸಾಲಿನಿಂದ ಆರಂಭಿಸಿರಿ. ನಿಮಗೆ ಶುಭವಾಗಲಿ.